ಕಬ್ಬಿಣದ ರುಚಿ

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಮೊಳೆಬಾಯಿ ಎಂದು. ಬೈಗುಳವೇನಲ್ಲ, ಸಲಿಗೆಯ ಹೆಸರು. ಹಳೆಯ ಸೋಫಾ, ಕುರ್ಚಿ, ಬೆಂಚುಗಳ ಹರಿದ ಮೈ ಬಿಚ್ಚಿ, ಒಳಗಿನ ಸ್ಪ್ರಿಂಗು ಬಿಗಿದು, ಹೊಸ ಬಟ್ಟೆ ಹೊದಿಸಿಕೊಡುವ ಕುಶನ್ ಕೆಲಸ ಅವನದು. ಆ ಕೆಲಸಕ್ಕೆ ಎರಡು ಕೈ ಸಾಲದು. ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಎತ್ತಿಕೊಡುವವರು ಯಾರು? ಬಾಯಿ! ಚಪ್ಪಟೆ ತಲೆಯ ಪುಟ್ಟ ಮೊಳೆಗಳನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲೇ ಒಂದೊಂದನ್ನು ಹೊರಳಿಸಿ ತಲೆ ಮುಂದಾಗಿ ತುಟಿಗೆ ತಂದರೆ, ಸುತ್ತಿಗೆಯ ಮೂತಿಯಲ್ಲಿರುವ ಅಯಸ್ಕಾಂತ ಅದನ್ನು ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಒಂದು ಏಟಿಗೆ ಮೊಳೆ ಮರಕ್ಕೆ. ಹೀಗೆ ದಿನವಿಡೀ ಬಾಯಿ ತುಂಬಿಕೊಂಡೇ ಇರುವವನ ಹತ್ತಿರ ಮಾತಾದರೂ ಎಷ್ಟಿರುತ್ತದೆ? ‘ಹೂಂ’, ‘ಊಹೂಂ’, ಇವೆರಡೇ. ಗಿರಾಕಿಗಳು ಅವನ ಜೊತೆ ಚೌಕಾಸಿ ಮಾಡಲು ಹೋಗಿ ಸುಸ್ತಾಗಿ ಒಪ್ಪಿಕೊಂಡು ಬರುತ್ತಿದ್ದರು.

ಈ ವಿದ್ಯೆಯನ್ನು ಕಲಿಸಿದವನು ಅವನ ಅಣ್ಣ. ಅಂಗಡಿ ಇಬ್ಬರದೂ. ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆ, ಒಂದೇ ಕಿಟಕಿ, ನೆಲದ ತುಂಬ ನಾರು, ಹತ್ತಿ, ಫೋಮಿನ ಚೂರು. ಬೇರೆ ಅಂಗಡಿಗಳಿಗೆಲ್ಲ ಪಿನ್ ಹೊಡೆಯುವ ಗನ್ನು ಬಂದು ಎಷ್ಟೋ ಕಾಲವಾಗಿತ್ತು. ಅಣ್ಣನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. “ಗನ್ನು ಹಿಡಿಯೋಕೆ ನಾವೇನು ಯುದ್ಧಕ್ಕೆ ಹೊರಟಿದೀವಾ?” ಎನ್ನುತ್ತಿದ್ದ. ಅವನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಬಾಯಲ್ಲಿರುವ ಮೊಳೆಯನ್ನು ನೆಲಕ್ಕೆ ಉಗಿಯಕೂಡದು. ನೆಲಕ್ಕೆ ಬಿದ್ದ ಮೊಳೆ ಹತ್ತಿಯ ಜೊತೆ ಸೇರಿ ಯಾರದೋ ಸೋಫಾದೊಳಗೆ ಹೋಗುತ್ತದೆ, ಯಾರದೋ ಮಗುವಿನ ತೊಡೆಗೆ ಚುಚ್ಚುತ್ತದೆ. “ಬಾಯಲ್ಲಿರೋದು ಮರಕ್ಕೆ ಹೋಗ್ಬೇಕು, ಇಲ್ಲ ಡಬ್ಬಿಗೆ ಹೋಗ್ಬೇಕು. ಮೂರನೇ ಜಾಗ ಇಲ್ಲ.” ಕಲಿಯುವ ಕಾಲದಲ್ಲಿ ತಮ್ಮ ಒಮ್ಮೆ ಕೆಮ್ಮು ಬಂದು ನೆಲಕ್ಕೆ ಉಗಿದದ್ದಕ್ಕೆ ಇಡೀ ಕೋಣೆಯನ್ನು ಮಂಡಿಯೂರಿ ಗುಡಿಸಬೇಕಾಗಿ ಬಂದಿತ್ತು. ಅಲ್ಲಿಂದ ಈಚೆಗೆ ಆ ತಪ್ಪು ಅವನಿಂದ ಆಗಲೇ ಇಲ್ಲ.

ಅಣ್ಣ ಹೋದದ್ದು ಅದೇ ಕೋಣೆಯಲ್ಲಿ, ಹಾಡಹಗಲಲ್ಲಿ. ತಮ್ಮ ಒಂದು ಒರಗು ಕುರ್ಚಿಯ ಬೆನ್ನಿಗೆ ಬಟ್ಟೆ ಎಳೆದು ಮೊಳೆ ಹೊಡೆಯುತ್ತಿದ್ದ. ಹಿಂದೆ ಅಣ್ಣ ಸೋಫಾದ ತಳಕ್ಕೆ ಪಟ್ಟಿ ಬಿಗಿಯುತ್ತಿದ್ದ. “ಏ, ಇಲ್ಲಿ ನೋಡು,” ಎಂದ ಅಣ್ಣ. ತಮ್ಮ ತಿರುಗದೆಯೇ ‘ಹೂಂ’ ಎಂದ. ಬಟ್ಟೆ ಬಿಟ್ಟರೆ ಸುಕ್ಕು ಬೀಳುತ್ತಿತ್ತು. ಇನ್ನೊಂದು ಮೊಳೆ ಹೊಡೆಯುವಷ್ಟರಲ್ಲಿ ಹಿಂದೆ ಧಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಅಣ್ಣ ನೆಲದ ಮೇಲೆ, ಒಂದು ಕಾಲು ಮಡಚಿ, ಕಣ್ಣು ಸೂರಿನ ಕಡೆ.

ಯಾರಾದರೂ ಆಗ ಏನು ಮಾಡುತ್ತಾರೆ? ಬಾಯಲ್ಲಿದ್ದುದನ್ನು ಥೂ ಎಂದು ಉಗಿದು ಓಡುತ್ತಾರೆ, ಬೀದಿಗೆ ಕೇಳುವಂತೆ ಕೂಗುತ್ತಾರೆ. ಮೊಳೆಬಾಯಿ ಏನು ಮಾಡಿದ ಗೊತ್ತೆ? ಡಬ್ಬಿಯ ಕಡೆ ನಡೆದ. ಡಬ್ಬಿ ಕಿಟಕಿಯ ಕಟ್ಟೆಯ ಮೇಲಿತ್ತು. ಅಲ್ಲಿಗೆ ಹೋಗಿ, ಬಾಗಿ, ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅದಕ್ಕೆ ಬಿಟ್ಟು, ಕೆನ್ನೆಯ ಸಂದಿಯನ್ನೂ ನಾಲಿಗೆಯಿಂದ ತಡಕಿ, ಆಮೇಲೆ ಕೂಗಿದ. ಎಷ್ಟು ಹೊತ್ತು ಹಿಡಿಯಿತೋ ಅವನಿಗೇ ತಿಳಿಯದು. ಮೈಗೆ ಅಂಟಿದ ಅಭ್ಯಾಸ, ಅವನನ್ನು ಕೇಳಿ ಮಾಡಿದ್ದಲ್ಲ. ಆಂಬುಲೆನ್ಸಿನಲ್ಲಿ ಬಂದ ಡಾಕ್ಟರು ನಾಡಿ ನೋಡಿ, ಬೀಳುವಾಗಲೇ ಜೀವ ಹೋಗಿತ್ತು ಎಂದರು. ಅವನು ಕೂಗಿದ ಕೂಗಿಗೆ ಬೀದಿಯೇ ನಡುಗಿತು ಎಂದು ಜನ ಮಾತಾಡಿಕೊಂಡರು. ಡಬ್ಬಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲಿಲ್ಲ, ಅವನೂ ತುಟಿಪಿಟಕ್ಕೆನ್ನಲಿಲ್ಲ.

ಅಂದು ಸಂಜೆಯೇ ಬಾಯಲ್ಲಿ ಕಬ್ಬಿಣದ ರುಚಿ ಬಂತು. ಮೊಳೆ ಇಟ್ಟುಕೊಂಡಾಗ ಬರುವ ಅದೇ ರುಚಿ. ಆದರೆ ಬಾಯಿ ಖಾಲಿ ಇದೆ, ತೊಳೆದಾಗಿದೆ. ಮರುದಿನವೂ ಹೋಗಲಿಲ್ಲ. ಒಂದು ವಾರ ಕಳೆದ ಮೇಲೆ ಅವನಿಗೆ ಥಟ್ಟನೆ ಹೊಳೆಯಿತು. ಆ ಹೊತ್ತಿನಲ್ಲಿ, ಆ ಗಾಬರಿಯಲ್ಲಿ, ಒಂದು ಮೊಳೆ ಮರಕ್ಕೂ ಹೋಗಲಿಲ್ಲ, ಡಬ್ಬಿಗೂ ಹೋಗಲಿಲ್ಲ. ಮೂರನೇ ಜಾಗಕ್ಕೆ ಹೋಯಿತು. ಹಾಗೆ ಅಂದುಕೊಂಡದ್ದೇ ತಡ, ಅವನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ ಅವನ ಗೋಳು. ಬೆಳಿಗ್ಗೆ ಹಲ್ಲುಜ್ಜಿದರೆ ಬೇಸಿನ್ನಿಗೆ ಕೆಂಪಗೆ ಬೀಳುತ್ತಿತ್ತು. ಎಲ್ಲರಿಗೂ ಆಗೊಮ್ಮೆ ಈಗೊಮ್ಮೆ ಬೀಳುತ್ತದೆ, ವಸಡು ಸವೆದಿದೆ ಎಂದುಕೊಂಡು ಮುಂದೆ ಹೋಗುತ್ತಾರೆ. ಇವನಿಗೆ ಮಾತ್ರ ಆ ರಕ್ತ ಹೊಟ್ಟೆಯಿಂದ ಮೇಲೆ ಬರುತ್ತಿದೆ ಎಂದೇ ಖಾತ್ರಿ. ಒಳಗೆ ಮೊಳೆ ಕೊರೆಯುತ್ತಿದೆ, ತುಕ್ಕು ಹಿಡಿಯುತ್ತಿದೆ, ಆ ತುಕ್ಕೇ ಬಾಯಿಗೆ ಬರುತ್ತಿದೆ. ರಕ್ತ ಕಾಣಬಾರದು ಎಂದು ಬಚ್ಚಲಿನ ದೀಪ ಆರಿಸಿ ಬಾಯಿ ಮುಕ್ಕಳಿಸತೊಡಗಿದ. ಆಮೇಲೆ ಬ್ರಷ್ಷು ಮುಟ್ಟುವುದನ್ನೇ ಬಿಟ್ಟ. ಬ್ರಷ್ಷು ಮುಟ್ಟದಿದ್ದರೆ ರಕ್ತವೂ ಕಡಿಮೆ. ಎಂಥ ಉಪಾಯ!

ಅಂಗಡಿಯ ಶಟರ್ ಅರ್ಧ ಎಳೆದುಕೊಂಡು, ಅಂಗಿ ಎತ್ತಿ, ಅಯಸ್ಕಾಂತದ ಸುತ್ತಿಗೆಯನ್ನು ಹೊಟ್ಟೆಯ ಮೇಲೆ ಇಂಚಿಂಚಾಗಿ ಓಡಿಸಿ ನೋಡುತ್ತಿದ್ದ. ಎಲ್ಲಾದರೂ ಎಳೆಯುತ್ತದೆಯೇ? ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಒಂದೊಂದು ಸಲ ಎಳೆದಂತೆಯೂ ಆಗುತ್ತಿತ್ತು. ಆಗ ಅಲ್ಲೇ ಕುಕ್ಕರಿಸಿ ಕೂತುಬಿಡುತ್ತಿದ್ದ, ಅಲುಗಾಡಿದರೆ ಮೊಳೆ ಎಲ್ಲಿಗೆ ಸರಿಯುತ್ತದೋ ಎಂದು. ಕೆಲಸ ಮಾಡುವಾಗಲೂ ಅಷ್ಟೇ. ಎಣಿಸಿ ಬಾಯಿಗೆ ಹಾಕುವುದು, ಎಣಿಸಿ ಹೊರಗೆ ತೆಗೆಯುವುದು, ಮಧ್ಯೆ ಲೆಕ್ಕ ತಪ್ಪಿತು ಎನಿಸಿ ಹೊಡೆದ ಮೊಳೆಯನ್ನೂ ಇಕ್ಕಳದಿಂದ ಕಿತ್ತು ಮತ್ತೆ ಎಣಿಸುವುದು. ಒಂದು ದಿನದ ಕುರ್ಚಿಗೆ ಒಂದು ವಾರ ಹಿಡಿಯುತ್ತಿತ್ತು. ಗಿರಾಕಿಗಳು ಗೊಣಗಿದರು. ಆಮೇಲೆ ಬರುವುದನ್ನೇ ಕಡಿಮೆ ಮಾಡಿದರು.

ಹೆಂಡತಿ ಪಕ್ಕದ ಗಲ್ಲಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಬಟ್ಟೆಯ ಒಂದು ಮಡಿಕೆ ತಪ್ಪಿದರೂ ಅವಳ ಕಣ್ಣಿಗೆ ಬೀಳುತ್ತದೆ, ಇನ್ನು ಗಂಡನ ಮುಖ ಬೀಳದೆ ಇರುತ್ತದೆಯೇ? ಒಂದು ಬೆಳಿಗ್ಗೆ ಅವನ ಬ್ರಷ್ಷನ್ನು ಮುಟ್ಟಿ ನೋಡಿದಳು. ಒಣಗಿ ಮುಳ್ಳಿನಂತಾಗಿತ್ತು.

“ಹಲ್ಲುಜ್ಜಿ ಎಷ್ಟು ದಿನ ಆಯ್ತು ರೀ?”

“ದಿನಾ ಉಜ್ತೀನಲ್ಲ.”

“ಯಾವುದರಲ್ಲಿ? ಇದರಲ್ಲಾ? ಮಾತಾಡಿದ್ರೆ ವಾಸನೆ ಬರುತ್ತೆ. ಬೇಜಾರು ಮಾಡ್ಕೋಬೇಡಿ.”

ಅವನು ಬೇಜಾರು ಮಾಡಿಕೊಂಡ. ಅಂದಿನಿಂದ ಅವಳಿಂದಲೂ ಒಂದು ಮಾರು ದೂರ ಕೂರತೊಡಗಿದ. ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ಮಾತು. ಊಟಕ್ಕೆ ಕೂತರೆ ಅಗಿಯಲು ಹೆದರಿಕೆ. ಅನ್ನವನ್ನು ಹಿಸುಕಿ ನುಂಗುವುದು, ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ನುಂಗುವುದು. ಕೆಳದವಡೆಯ ಮುಂದಿನ ಹಲ್ಲು ನಾಲಿಗೆ ತಾಗಿದರೆ ಅಲುಗುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಮೈ ಇಳಿದು ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾಯಿತು. ನಾನು ಸಾಯುತ್ತಿದ್ದೇನೆ ಎಂದು ಅವನಿಗೆ ಪ್ರತಿದಿನ, ಪ್ರತಿ ತುತ್ತಿಗೂ ಅನಿಸುತ್ತಿತ್ತು. ಒಂದೊಂದು ಸಲ, ಅದೇ ಸರಿಯಾದದ್ದು ಎಂದೂ ಅನಿಸುತ್ತಿತ್ತು. ಈ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಭಯಂಕರವಾದದ್ದು ಎಂದು ಅವನಿಗೆ ಆಗ ತಿಳಿಯಲಿಲ್ಲ.

ಎಲ್ಲಕ್ಕಿಂತ ಹೆದರಿಕೆ ಅತ್ತಿಗೆಯನ್ನು ಕಂಡರೆ. ಅಣ್ಣನ ಹೆಂಡತಿ ಮೇಲಿನ ಮನೆಯಲ್ಲೇ ಇದ್ದಳು. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದರೆ ಇವನು ಬಾಗಿಲ ಹಿಂದೆ. ಒಮ್ಮೆ ತಪ್ಪಿಸಿಕೊಳ್ಳಲಾಗಲಿಲ್ಲ. ಒಗೆದ ಬಟ್ಟೆಯ ಬುಟ್ಟಿ ಹಿಡಿದು ಅವಳು ಎದುರಿಗೇ ನಿಂತುಬಿಟ್ಟಳು.

“ಒಂದು ಕೇಳ್ತೀನಿ, ಹೇಳಪ್ಪ. ಕೊನೇಲಿ ಅವರು ಏನಾದ್ರೂ ಅಂದ್ರಾ?”

 ‘ಏ, ಇಲ್ಲಿ ನೋಡು’ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ಕೂತಿತು.

“ಇಲ್ಲ ಅತ್ತಿಗೆ. ಏನೂ ಅನ್ಲಿಲ್ಲ.”

“ಹೋಗ್ಲಿ ಬಿಡು,” ಎಂದು ಅವಳು ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಮೇಲೆ ಹೋದಳು. ಅವನು ಅಂಗಡಿಗೆ ಬಂದು, ಶಟರ್ ಪೂರ್ತಿ ಎಳೆದು, ಕತ್ತಲಲ್ಲಿ ಸುಮ್ಮನೆ ಕೂತ. ಬಾಯಿ ತುಂಬ ಕಬ್ಬಿಣ.

ಹೀಗೆ ಒಂದು ವರ್ಷಕ್ಕೆ ಹತ್ತಿರವಾಗುತ್ತಿದ್ದಾಗ ಎದುರು ಸಾಲಿನ ಹಲ್ಲಿನ ಆಸ್ಪತ್ರೆಯಿಂದ ಕರೆ ಬಂತು. ರೋಗಿಯಾಗಿ ಹೋಗೆಂದರೆ ಅವನು ಜನ್ಮದಲ್ಲಿ ಹೋಗುವವನಲ್ಲ. ಕರೆ ಬಂದದ್ದು ಬೆಂಚಿಗೆ. ಕಾಯುವವರು ಕೂರುವ ಉದ್ದನೆಯ ಮರದ ಬೆಂಚು ಗೋಡೆಗೇ ಸೇರಿಸಿ ಕಟ್ಟಿದ್ದು, ಅಂಗಡಿಗೆ ತರಲಾಗದು. ಅದರ ರೆಕ್ಸಿನ್ ಹರಿದು ಫೋಮು ಹೊರಗೆ ಬಂದಿತ್ತು. ಮಧ್ಯಾಹ್ನ ಆಸ್ಪತ್ರೆ ಮುಚ್ಚಿರುವ ಹೊತ್ತಿನಲ್ಲಿ ಬಂದು ಮಾಡಿಕೊಡಿ ಎಂದರು ಅಲ್ಲಿನ ಡಾಕ್ಟರು, ನಡುವಯಸ್ಸಿನ ಹೆಂಗಸು. ಕೆಲಸ ಸಿಗುವುದೇ ಅಪರೂಪವಾಗಿತ್ತು, ಒಪ್ಪಿಕೊಂಡ.

ಕೋಣೆಯ ಗೋಡೆಯ ಮೇಲೆ ದೊಡ್ಡದೊಂದು ದವಡೆಯ ಚಿತ್ರ. ಅದಕ್ಕೆ ಬೆನ್ನು ಹಾಕಿ ಕೂತು ಕೆಲಸ ಶುರು ಮಾಡಿದ. ಡಾಕ್ಟರು ಮೂಲೆಯ ಮೇಜಿನಲ್ಲಿ ಏನೋ ಓದುತ್ತಿದ್ದರು. ಹೊಸ ರೆಕ್ಸಿನ್ ಹರಡಿ, ಮೊಳೆ ಎಣಿಸಿ ಬಾಯಿಗೆ ಹಾಕಿಕೊಂಡ. ಒಂದು ಹೊಡೆದ, ಇನ್ನೊಂದು ಹೊಡೆದ. ಎಷ್ಟೋ ದಿನದ ಮೇಲೆ ಕೈ ಹದಕ್ಕೆ ಬಂದಿತ್ತು. ನಾಲಿಗೆ ಮತ್ತೊಂದನ್ನು ಹುಡುಕಿ, ಹೊರಳಿಸಿ, ತುಟಿಗೆ ತಂದಿತು. ಸುತ್ತಿಗೆಯನ್ನು ತುಟಿಗೆ ಒಡ್ಡಿದ. ಸುತ್ತಿಗೆ ಅದನ್ನು ಕಚ್ಚಲಿಲ್ಲ. ಮತ್ತೆ ಒಡ್ಡಿದ, ಕಚ್ಚಲಿಲ್ಲ. ತುಟಿಯಿಂದ ಜಾರಿದ್ದು ಹೊಸ ರೆಕ್ಸಿನ್ನಿನ ಮೇಲೆ ಬಿದ್ದು ಉರುಳಿತು. ಹಳದಿ, ಉದ್ದನೆಯ ಬೇರು, ತುದಿಗೆ ಒಂದಿಷ್ಟು ಕೆಂಪು.

ಹಲ್ಲು.

ಅವನ ಜೀವ ಬಾಯಿಗೆ ಬಂತು. ಕೂಗಬೇಕು, ಆದರೆ ಬಾಯಲ್ಲಿ ಮೊಳೆಗಳಿವೆ. ಡಬ್ಬಿಗಾಗಿ ಕಣ್ಣು ಸುತ್ತ ತಿರುಗಿತು. ಡಬ್ಬಿ ಕೋಣೆಯ ಆ ತುದಿಯಲ್ಲಿತ್ತು.  ಗರ ಬಡಿದವನಂತೆ ಕೂತೇ ಇದ್ದ, ತುಟಿಯ ಮೂಲೆಯಿಂದ ಕೆಂಪು ಜೊಲ್ಲು ಇಳಿಯುತ್ತಿತ್ತು. ಡಾಕ್ಟರು ತಲೆ ಎತ್ತಿದವರು ಕುರ್ಚಿ ಹಿಂದಕ್ಕೆ ತಳ್ಳಿ ಓಡಿಬಂದರು. ಅವನ ಗಲ್ಲದ ಕೆಳಗೆ ತಮ್ಮ ಅಂಗೈಯನ್ನೇ ಒಡ್ಡಿ, “ಇಲ್ಲಿಗೆ ಹಾಕಿ. ನಿಧಾನ, ಎಲ್ಲಾ ಹಾಕಿ,” ಎಂದರು. ಅವನು ಹಾಕಿದ. ಮೊಳೆ, ರಕ್ತ, ಜೊಲ್ಲು ಎಲ್ಲವೂ ಅವರ ಅಂಗೈಗೆ ಬಿತ್ತು. ಅವರು ಮುಖ ಸಿಂಡರಿಸಲಿಲ್ಲ.

“ಮೊಳೆ ನುಂಗಿದೀನಿ ಮೇಡಂ,” ಎಂದ. ವರ್ಷದಲ್ಲಿ ಮೊದಲ ಸಲ ಆ ಮಾತು ಹೊರಗೆ ಬಂದಿತ್ತು.

“ಈಗ್ಲಾ?”

“ಇಲ್ಲ. ಅಣ್ಣ ಸತ್ತ ದಿನ. ಅದು ಒಳಗೇ ಇದೆ. ಈಗ ಹಲ್ಲಿಗೆ ಬಂದಿದೆ.”

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಕೈ ತೊಳೆದು, ಅವನನ್ನು ಒಳಗಿನ ಕುರ್ಚಿಯಲ್ಲಿ ಕೂರಿಸಿ, ದೀಪ ಹಾಕಿ ಬಾಯಿ ನೋಡಿದರು. ಬಹಳ ಹೊತ್ತು ನೋಡಿದರು. ಸಣ್ಣ ಕಡ್ಡಿಯಂಥದ್ದನ್ನು ವಸಡಿನ ಅಂಚಿಗೆ ಇಳಿಸಿದರೆ ಅದು ಇಳಿಯುತ್ತಲೇ ಹೋಯಿತು. ಮೊದಲು ಹೊಟ್ಟೆಯ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ, ಹಲ್ಲಿನ ಮಾತು ಆಮೇಲೆ ಆಡೋಣ ಎಂದು ಚೀಟಿ ಬರೆದುಕೊಟ್ಟರು.

ಎಕ್ಸ್‌ರೇಗೆ ಹೆಂಡತಿಯೂ ಜೊತೆಗೆ ಹೋದಳು. ಮೊಳೆಯ ಕಥೆಯನ್ನು ಅವಳು ಕೇಳಿದ್ದು ಆಗಲೇ. ಕೇಳಿ ಸೆರಗನ್ನು ಹಿಂಡುತ್ತ ನಿಂತಳು. ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆ, ಪಕ್ಕೆಲುಬು, ಮೋಡದಂಥ ಏನೇನೋ. ಮೊಳೆ ಇಲ್ಲ. ಒಂದು ಚೂರೂ ಇಲ್ಲ.

ಇನ್ನು ಅವನು ನಿಟ್ಟುಸಿರು ಬಿಡಬೇಕಲ್ಲವೆ? ಬಿಡಲಿಲ್ಲ. ತೆಗೆದವರಿಗೆ ತೆಗೆಯಲು ಬಂದಿಲ್ಲ ಎಂದ. ಕರಗಿ ರಕ್ತದಲ್ಲಿ ಸೇರಿರಬೇಕು ಎಂದ. ಮನೆಗೆ ಬರುವ ದಾರಿಯಲ್ಲಿ ಇನ್ನೊಂದು ಯೋಚನೆ ಬಂದು ಅವನು ಬೀದಿಯ ಮಧ್ಯೆಯೇ ನಿಂತುಬಿಟ್ಟ. ಮೊಳೆ ಇಲ್ಲ ಎನ್ನುವುದಾದರೆ, ಇಷ್ಟು ದಿನ ಒಳಗೆ ಕೊರೆಯುತ್ತಿರುವುದು ಏನು? ಮೊಳೆಗಾದರೆ ಒಂದು ಆಕಾರವಿತ್ತು, ಕುಯ್ದು ತೆಗೆಯಬಹುದಿತ್ತು. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ. ಹೆಂಡತಿ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. 

ಹಲ್ಲಿನ ಡಾಕ್ಟರು ಚಿಕಿತ್ಸೆ ಶುರು ಮಾಡಿದರು. ಮರಗಟ್ಟಿಸುವ ಸೂಜಿ ಚುಚ್ಚಿ, ಹಲ್ಲಿನ ಬುಡದಲ್ಲಿ ಗಾರೆಯಂತೆ ಗಟ್ಟಿಯಾಗಿದ್ದ ಕೊಳೆಯನ್ನು ಕೆರೆದು ತೆಗೆದರು. ಒಂದು ಸಲಕ್ಕೆ ಬಾಯಿಯ ಒಂದು ಭಾಗ. ಕಬ್ಬಿಣದ ರುಚಿ ವಸಡಿನ ರಕ್ತದ್ದೇ, ರಕ್ತಕ್ಕೆ ಇರುವುದೇ ಆ ರುಚಿ ಎಂದು ಬಿಡಿಸಿ ಹೇಳಿದರು. ವಸಡಿನ ಕಾಯಿಲೆ ಮೊದಲೇ ಸಣ್ಣಗೆ ಇದ್ದಿರಬೇಕು, ಈ ಒಂದು ವರ್ಷದಲ್ಲಿ ಓಡಿಬಿಟ್ಟಿದೆ ಎಂದರು. ಮೊಳೆಯನ್ನು ಇನ್ನು ಬಾಯಿಗೆ ಇಡಲೇಬಾರದು, ಬೆಳಿಗ್ಗೆ ಸಂಜೆ ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಬೇಕು, ರಕ್ತ ಬಂದರೂ ನಿಲ್ಲಿಸಬಾರದು. ಅವನು ‘ಹೂಂ’ ಎಂದ. ಮನೆಗೆ ಬಂದು ದೀಪ ಆರಿಸಿ ಮುಕ್ಕಳಿಸಿದ. ಬ್ರಷ್ಷು ಹಿಡಿದರೆ ಸಾಕು ಎದೆ ಹೊಡೆದುಕೊಳ್ಳುತ್ತಿತ್ತು. ಮುಂದಿನ ಸಲ ಹೋದಾಗ ಕೆರೆದು ತೆಗೆದ ಜಾಗದಲ್ಲೇ ಮತ್ತೆ ಊತ. ಇನ್ನೂ ಎರಡು ಹಲ್ಲು ಅಲುಗುತ್ತಿದ್ದವು.

ಡಾಕ್ಟರು ಮುಖಗವಸು ಇಳಿಸಿ ಸ್ಟೂಲು ಎಳೆದುಕೊಂಡು ಕೂತರು.

“ನಾನು ಇಲ್ಲಿ ತೆಗೀತೀನಿ, ನೀವು ಮನೇಲಿ ತುಂಬ್ತೀರ. ಹೀಗೇ ಆದ್ರೆ ಒಂದೊಂದಾಗಿ ಎಲ್ಲಾ ಹಲ್ಲೂ ಹೋಗುತ್ತೆ. ನಿದ್ದೆ ಬರುತ್ತಾ?”

ಜೊತೆಗೆ ಬಂದಿದ್ದ ಹೆಂಡತಿ ಹೇಳಿದಳು. “ಬರುತ್ತೆ, ಆದ್ರೆ ಅದು ನಿದ್ದೆ ಅಲ್ಲ ಡಾಕ್ಟ್ರೇ. ಹಲ್ಲು ಕಡೀತಾರೆ. ಕಲ್ಲು ಅರೆದ ಹಾಗೆ ಸದ್ದು ಬರುತ್ತೆ.” ಮುಂದೆ ಇನ್ನೇನೋ ಹೇಳಲು ಹೊರಟವಳು ನೆಲ ನೋಡಿದಳು.

“ನೋಡಿ, ಮನಸ್ಸಿಗೆ ಇಷ್ಟು ಭಾರ ಇದ್ರೆ ಮೈಗೆ ಕಾಯಿಲೆ ತಡ್ಕೊಳೋ ಶಕ್ತಿ ಕಡಿಮೆ ಆಗುತ್ತೆ. ಬಾಯಿ ಒಣಗುತ್ತೆ, ಹಲ್ಲು ಕಡಿದು ಕಡಿದು ಸಡಿಲ ಆಗುತ್ತೆ, ಬ್ರಷ್ಷು ಹಿಡಿಯೋಕೂ ಮನಸ್ಸು ಬರಲ್ಲ. ವಸಡು ಕೆಡುತ್ತೆ. ವಸಡು ಕೆಟ್ರೆ ಊಟ ಸೇರಲ್ಲ, ನಾಲ್ಕು ಜನರ ಹತ್ರ ನಿಲ್ಲೋಕೆ ನಾಚಿಕೆ, ಒಳಗಿನ ಉರಿ ಮೈಗೂ ಮನಸ್ಸಿಗೂ ಒಳ್ಳೇದಲ್ಲ. ಎರಡೂ ಒಂದನ್ನೊಂದು ಕೆಳಗೆ ಎಳೀತಿವೆ. ನನ್ನ ಕೈಲಿ ಆಗೋದು ಅರ್ಧ. ಇನ್ನರ್ಧಕ್ಕೆ ಮನಸ್ಸಿನ ಡಾಕ್ಟ್ರನ್ನ ನೋಡಿ.”

ಅವನು ಕುರ್ಚಿಯಿಂದ ಧಡಕ್ಕನೆ ಎದ್ದ. “ನಂಗೇನು ತಲೆ ಕೆಟ್ಟಿದ್ಯಾ? ಹಲ್ಲು ನೋವು ಅಂತ ಬಂದ್ರೆ ಹುಚ್ಚಾಸ್ಪತ್ರೆಗೆ ಕಳಿಸ್ತೀರಾ?”

ಕೋಪ ಮಾಡಿಕೊಂಡ ಎಂದು ಕಾಣುತ್ತಿತ್ತು. ನಿಜಕ್ಕೂ ಅದು ಭಯ. ಆ ಡಾಕ್ಟರು ಕೇಳುತ್ತಾರೆ, ಕೇಳಿದರೆ ಡಬ್ಬಿಯ ವಿಷಯ ಹೇಳಬೇಕಾಗುತ್ತದೆ. ಹೇಳಿದರೆ ಅದು ಗಾಳಿಯಲ್ಲಿ ಮೆಟ್ಟಿಲೇರಿ ಅತ್ತಿಗೆಯ ಮನೆಗೆ ಹೋಗುತ್ತದೆ. ತಮ್ಮ ಇನ್ನೊಂದಿಷ್ಟು ಬೇಗ ಕೂಗಿದ್ದರೆ ಅಣ್ಣ ಉಳಿಯುತ್ತಿದ್ದ ಎಂದು ಅವಳು ಒಂದೇ ಒಂದು ಸಲ ಅಂದರೂ ತಾನು ಬದುಕಿರಲಾರೆ ಎಂದು ಅವನಿಗೆ ಗೊತ್ತಿತ್ತು. ಹಲ್ಲು ಹೋದರೆ ಹೋಗಲಿ, ಬಾಯಿ ಬಿಡುವುದು ಬೇಡ ಎಂದು ನಿಶ್ಚಯಿಸಿದ.

ಹೆಂಡತಿ ಬಿಡಲಿಲ್ಲ. ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಕೈ ಕಾದವಳು, ಹಿಡಿದದ್ದನ್ನು ಸುಲಭಕ್ಕೆ ಬಿಡುವವಳಲ್ಲ. ಮೊದಲು ಗೋಗರೆದಳು, ಆಮೇಲೆ ಮಾತು ಬಿಟ್ಟಳು. ಕೊನೆಗೊಂದು ಬೆಳಿಗ್ಗೆ ಲಾಂಡ್ರಿಗೆ ರಜೆ ಹಾಕಿ, ಅಂಗಡಿಯ ಬಾಗಿಲಲ್ಲೇ ಕೂತಳು. “ನೀವು ಬರೋವರೆಗೆ ನಾನು ಏಳಲ್ಲ. ಗಿರಾಕಿ ಬಂದ್ರೂ ಏಳಲ್ಲ,” ಎಂದಳು. ಗಿರಾಕಿ ಬರುವುದೇ ನಿಂತುಹೋಗಿತ್ತು, ಆದರೂ ಅವಳು ಹಾಗೆ ಕೂತದ್ದನ್ನು ನೋಡಲಾಗದೆ ಅವನು ಅಂಗಿ ಹಾಕಿಕೊಂಡ.

ಮನಸ್ಸಿನ ಡಾಕ್ಟರ ಕೋಣೆ ಅವನು ಹೆದರಿದಂತೆ ಇರಲಿಲ್ಲ. ಒಂದು ಕಿಟಕಿ, ತಿರುಗುವ ಮೇಜಿನ ಫ್ಯಾನು, ಮೂರು ಕುರ್ಚಿ. ಕುರ್ಚಿಯ ಕುಶನ್ ಕೆಲಸ ಮಾತ್ರ ಕೆಟ್ಟದಾಗಿತ್ತು, ಮೂಲೆಯ ಮಡಿಕೆ ಯಾರೋ ಕಲಿಯುವವರು ಹಾಕಿದಂತಿತ್ತು. ಅಷ್ಟು ಭಯದಲ್ಲೂ ಅದು ಅವನ ಕಣ್ಣಿಗೆ ಬಿತ್ತು. ಡಾಕ್ಟರು ಕೂದಲು ನೆರೆತವರು, ಅವಸರವಿಲ್ಲದವರು.

“ಹೇಳಿ, ಏನಾಯ್ತು?” ಎಂದರು.

ಅವನು ಬಾಯಿ ಅಗಲಕ್ಕೆ ತೆರೆದು, ತಲೆ ಹಿಂದಕ್ಕೆ ವಾಲಿಸಿ ಕೂತ. ಇಷ್ಟು ದಿನದ ರೂಢಿ.

ಡಾಕ್ಟರು ಬಾಗಿ ನೋಡಲಿಲ್ಲ. “ಹಲ್ಲಿನ ವಿಷಯ ನಂಗೆ ಗೊತ್ತಾಗಲ್ಲ. ಮುಚ್ಕೊಳಿ ಪರವಾಗಿಲ್ಲ,” ಎಂದರು. “ಯಾವಾಗ ಹೇಳ್ಬೇಕು ಅನ್ಸುತ್ತೋ ಆಗ ಹೇಳಿ. ನಾನು ಇಲ್ಲೇ ಇರ್ತೀನಿ.”

ಅವನು ಬಾಯಿ ಮುಚ್ಚಿದ. ಫ್ಯಾನು ಈ ಕಡೆ ತಿರುಗಿತು, ಆ ಕಡೆ ತಿರುಗಿತು.  ಎದ್ದು ಓಡಿಬಿಡಬೇಕು ಎನಿಸಿತು. ಪಕ್ಕದಲ್ಲಿ ಕೂತ ಹೆಂಡತಿಯನ್ನು ನೋಡಲು ಧೈರ್ಯವಾಗಲಿಲ್ಲ. ಅವಳ ಎದುರಿಗೆ ಹೇಳುವುದು ಹೇಗೆ? ಇವಳು ಕೇಳಿದ ಮೇಲೆ ನನಗೆ ಊಟ ಬಡಿಸುತ್ತಾಳೆಯೇ? ಹೀಗೆಲ್ಲ ಅಂದುಕೊಳ್ಳುತ್ತಿರುವಾಗಲೇ ಮಾತು ತಾನಾಗಿ ಹೊರಗೆ ಬಿತ್ತು.

“ಅಣ್ಣ ಕರೆದ. ನಾನು ತಿರುಗ್ಲಿಲ್ಲ. ಬಿದ್ದ ಮೇಲೂ ಕೂಗ್ಲಿಲ್ಲ. ಬಾಯಲ್ಲಿ ಮೊಳೆ ಇತ್ತು. ಮೊದ್ಲು ಹೋಗಿ ಮೊಳೆ ಡಬ್ಬಿಗೆ ಹಾಕ್ದೆ. ಒಂದೂ ಬಿಡದೆ ಹಾಕ್ದೆ. ಆಮೇಲೆ ಕೂಗ್ದೆ.”

ಹೇಳಿ, ಏಟು ಬೀಳುತ್ತದೆ ಎಂಬಂತೆ ಹೆಗಲು ಕುಗ್ಗಿಸಿ ಕಾದ.  ಮಾತಾಡಿದ್ದು ಹೆಂಡತಿ. ಅವಳ ದನಿ ತೀರಾ ಸಣ್ಣಗಿತ್ತು.

“ನಂಗೆ ಗೊತ್ತು ರೀ.”

ಅವನು ತಿರುಗಿ ನೋಡಿದ.

“ನಿದ್ದೇಲಿ ಹೇಳ್ತೀರ. ಹಲ್ಲು ಕಡೀತಾ ಕಡೀತಾ ಹೇಳ್ತೀರ. ‘ಡಬ್ಬಿ ಎಲ್ಲಿ, ಡಬ್ಬಿ ಎಲ್ಲಿ’ ಅಂತೀರ. ಆಮೇಲೆ ‘ತಾಳು ಅಣ್ಣ, ಬಂದೆ’ ಅಂತೀರ. ವರ್ಷದಿಂದ ಕೇಳ್ತಾ ಇದೀನಿ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೆದರಿಕೆ. ಗೊತ್ತು ಅಂದ್ರೆ ನೀವು ಅಂಗಡಿಗೆ ಹೋದೋರು ವಾಪಸ್ ಬರಲ್ಲ ಅಂತ ಹೆದರಿಕೆ. ಬೆಳಿಗ್ಗೆ ನೀವು ಶಟರ್ ಎಳೆಯೋ ಸದ್ದು ಕೇಳಿದ್ರೆ ನಂಗೆ ಇಸ್ತ್ರಿ ಮೇಲೆ ಕೈ ನಿಲ್ತಿರ್ಲಿಲ್ಲ. ಎಷ್ಟು ಸಲ ಬಂದು ಸಂದೀಲಿ ಇಣುಕಿ ನೋಡಿದೀನೋ.” ಅವಳು ಮೂಗು ಒರೆಸಿಕೊಂಡಳು. “ಮೇಲಿನ ಮನೆ ಅಕ್ಕನಿಗೂ ಗೊತ್ತು. ಬೇಸಿಗೇಲಿ ಕಿಟಕಿ ತೆಗ್ದಿರ್ತೀವಲ್ಲ, ಮೇಲೆ ಕೇಳ್ಸುತ್ತೆ. ಹೇಗಾದ್ರೂ ಮಾಡಿ ಅವನನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು, ಒಬ್ಬರು ಹೋಗಿದ್ದು ಸಾಕು ಅಂದೋಳು ಅವಳೇ.”

ಅವನ ದವಡೆ ಅದುರಿತು. ಅಣ್ಣನ ಅಂತ್ಯಕ್ರಿಯೆಯ ದಿನ ಅಳದವನು ಆ ಕೆಟ್ಟ ಕುಶನ್ನಿನ ಕುರ್ಚಿಯಲ್ಲಿ ಕೂತು, ಇಬ್ಬರ ಎದುರಿಗೂ ಬಾಯಿ ಬಿಟ್ಟು ಅತ್ತ. ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಳ್ಳುವುದನ್ನು ಮರೆತ. ಡಾಕ್ಟರು ಅವನು ಮುಗಿಸುವವರೆಗೆ ಕಾದು, ಮಾತ್ರೆ ಬರೆದು, ವಾರಕ್ಕೊಮ್ಮೆ ಬನ್ನಿ, ಇದು ಒಂದೇ ದಿನಕ್ಕೆ ಹೋಗುವಂಥದ್ದಲ್ಲ ಎಂದರು.

ಅವರು ಹೇಳಿದ್ದು ನಿಜ. ಸಂಜೆ ಮನೆಗೆ ಬಂದಾಗ ಬಾಯಲ್ಲಿ ಕಬ್ಬಿಣದ ರುಚಿ ಹಾಗೆಯೇ ಇತ್ತು, ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಿಗೆ ಎದೆ ಮೊದಲಿನಂತೆಯೇ ಝಲ್ಲೆಂದಿತು. ಹೆಂಡತಿ ಹೊಸ ಬ್ರಷ್ಷಿಗೆ ಪೇಸ್ಟು ಹಾಕಿ ಅವನ ಕೈಗೆ ಕೊಟ್ಟು, ಬಚ್ಚಲಿನ ದೀಪ ಹಾಕಿ, ಬಾಗಿಲಿಗೆ ಒರಗಿ ನಿಂತಳು. ಅವನು ಬ್ರಷ್ಷನ್ನು ವಸಡಿಗೆ ತಾಗಿಸಿದ. ಮೆಲ್ಲಗೆ ಉಜ್ಜಿದ. ಬಗ್ಗಿ ಉಗಿದ. ಬಿಳಿ ಬೇಸಿನ್ನಿನಲ್ಲಿ ನೊರೆಯ ಜೊತೆ ಕೆಂಪು ಇಳಿಯಿತು. ಅವನು ಕಣ್ಣು ಮುಚ್ಚದೆ ಅದನ್ನು ನೋಡಿದ.

“ನೋವಾಗುತ್ತಾ?” ಎಂದಳು ಅವಳು.

“ನೋವಿಲ್ಲ,” ಎಂದ. ಬೇಸಿನ್ನಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. “ಹೆದರಿಕೆ ಆಗುತ್ತೆ ಕಣೆ.”

“ನಂಗೂ ಆಗುತ್ತೆ,” ಎಂದಳು ಅವಳು. “ಆ ಕಡೆದೂ ಉಜ್ಜಿ.”